ಸಿಗಡಿ ತುಂಬಿದ ಕೊಂಕಿಲ್ಯೋನಿ ಮಾಡುವ ಮೊದಲು

ಚಿ. ಮಗಳಿಗೆ ಸೋದರತ್ತೆಯ ಆಶೀರ್ವಾದಗಳು.

ನಾಲ್ಕು ಜನರಿಗೆ ಸಿಗಡಿ ತುಂಬಿದ ಪಾಸ್ತಾ ಬೇಕ್ ಮಾಡಬೇಕು ಅಂದೆಯಲ್ಲ, ಕೊಂಕಿಲ್ಯೋನಿ ತಗೋ, ಅಂದರೆ ದೊಡ್ಡ ಚಿಪ್ಪಿನಾಕಾರದ್ದು. ಇಟಲಿಯ ನೇಪಲ್ಸ್ ಹತ್ತಿರದ ಗ್ರಾನ್ಯಾನೋ ಊರಿನದು ಸಿಕ್ಕರೆ ಬಿಡಬೇಡ. ಕಂಚಿನ ಅಚ್ಚಿನಲ್ಲಿ ಒತ್ತಿರುವುದರಿಂದ ಅದರ ಮೈ ತರಿತರಿಯಾಗಿದ್ದು ಸಾಸ್ ಜಾರುವುದಿಲ್ಲ.

ಈ ಅಡುಗೆ ಹೆಚ್ಚಾಗಿ ಕೆಡುವುದು ನೀರಿನಿಂದ. 250 ಗ್ರಾಂ ರಿಕೋಟಾವನ್ನು, ಅಂದರೆ ಇಟಲಿಯ ಮೆತ್ತನೆಯ ತಾಜಾ ಚೀಸನ್ನು, ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ಫ್ರಿಜ್ಜಿನಲ್ಲಿ ಬಸಿಯಲು ಬಿಡು. ರಿಕೋಟಾ ಸಿಗದಿದ್ದರೆ ತಾಜಾ ಪನೀರನ್ನು ಸ್ವಲ್ಪ ಹಾಲು ಹಾಕಿ ನುಣ್ಣಗೆ ರುಬ್ಬು. ರುಚಿ ಅದೇ ಬರದು, ಕೆಲಸ ನಡೆಯುತ್ತದೆ. ಸಿಪ್ಪೆ, ನಾರು ತೆಗೆದ ಸಿಗಡಿ 300 ಗ್ರಾಂ ಬೇಕು. ಫ್ರೋಜನ್ ಆದರೆ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ, ಬೆಳಿಗ್ಗೆ ಒತ್ತಿ ಒರೆಸು. ಬೆರಳಿನ ಉಗುರಿನಷ್ಟು ದೊಡ್ಡ ತುಂಡುಗಳಾಗಿ ಹೆಚ್ಚಿ, ಆಲಿವ್ ಎಣ್ಣೆ, ಒಂದೆಸಳು ಬೆಳ್ಳುಳ್ಳಿಯಲ್ಲಿ ಜೋರು ಉರಿಯ ಮೇಲೆ ಒಂದೇ ನಿಮಿಷ ಆಡಿಸು. ಬಣ್ಣ ತಿರುಗಿದ ಕೂಡಲೇ ಇಳಿಸು. ಉಳಿದದ್ದು ಓವನ್ನಿನಲ್ಲಿ ಬೇಯುತ್ತದೆ. ಇಲ್ಲೇ ಪೂರ್ತಿ ಬೆಂದರೆ ಕೊನೆಗೆ ರಬ್ಬರಾಗುತ್ತದೆ. ಬಿಟ್ಟ ರಸವನ್ನು ಸೋಸಿ ಸಾಸಿಗೆ ಇಡು. ಆರಿದ ಮೇಲೆ ರಿಕೋಟಾ, ಪಾರ್ಸ್ಲಿ, ನಿಂಬೆ ಸಿಪ್ಪೆಯ ತುರಿ, ಉಪ್ಪು, ಮೆಣಸು ಸೇರಿಸು.

ಸಿಗಡಿಯ ಸಿಪ್ಪೆ ಎಸೆಯಬೇಡ, ಸಾಸಿನ ಜೀವ ಅದರಲ್ಲೇ ಇದೆ. ಬೆಣ್ಣೆಯಲ್ಲಿ ಹುರಿದು, ಮುಳುಗುವಷ್ಟು ನೀರಲ್ಲಿ 20 ನಿಮಿಷ ಕುದಿಸಿ ಸೋಸು. 40 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ಮೈದಾ ಹಸಿವಾಸನೆ ಹೋಗುವವರೆಗೆ ಹುರಿದು, ಈ ನೀರೂ ಇಟ್ಟ ರಸವೂ ಸೇರಿ 200 ಮಿ.ಲೀ., ಹಾಲು 400 ಮಿ.ಲೀ. ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕದಡು. ದೋಸೆಹಿಟ್ಟಿಗಿಂತ ತೆಳ್ಳಗಿರಲಿ, ಪಾಸ್ತಾ ಇನ್ನೂ ಹೀರಿಕೊಳ್ಳುತ್ತದೆ.

ಚಿಪ್ಪು 24 ಸಾಕು, ಆದರೆ ನಾಲ್ಕೈದು ಹೆಚ್ಚು ಹಾಕು, ಕುದಿಯುವಾಗ ಕೆಲವು ಸೀಳುತ್ತವೆ. ಪೊಟ್ಟಣದ ಮೇಲಿನ ಸಮಯಕ್ಕಿಂತ ನಾಲ್ಕು ನಿಮಿಷ ಮೊದಲೇ ತೆಗೆದು, ಬಟ್ಟೆಯ ಮೇಲೆ ಬಾಯಿ ಕೆಳಗಾಗಿ ಹರಡು. ಒಳಗೆ ನಿಂತ ನೀರು ಹೂರಣವನ್ನು ನೀರಾಗಿಸುತ್ತದೆ.

ಟ್ರೇಯ ತಳಕ್ಕೂ ಸಾಸ್ ಹಚ್ಚು, ಇಲ್ಲದಿದ್ದರೆ ಅಡಿ ಹಿಡಿಯುತ್ತದೆ. ತುಂಬಿದ ಚಿಪ್ಪು ಜೋಡಿಸಿ, ಅಂಚೆಲ್ಲ ಮುಚ್ಚುವಂತೆ ಉಳಿದ ಸಾಸ್ ಸುರಿ; ಬರಿದಾಗಿ ಬಿಟ್ಟ ಅಂಚು ಒಣಗಿ ಗಟ್ಟಿಯಾಗುತ್ತದೆ. ಮೊದಲೇ ಕಾಯಿಸಿದ 190 ಡಿಗ್ರಿ ಓವನ್ನಿನಲ್ಲಿ ಫಾಯಿಲ್ ಮುಚ್ಚಿ 15 ನಿಮಿಷ, ಆಮೇಲೆ ಎಣ್ಣೆ ಕಲಸಿದ ಬ್ರೆಡ್ ಪುಡಿ ಉದುರಿಸಿ, ತೆರೆದು 10 ನಿಮಿಷ. ಮೇಲೆ ಪಾರ್ಮೆಸಾನ್ ಬೇಡ, ಅದರ ತೀಕ್ಷ್ಣವಾದ ಉಪ್ಪುರುಚಿ ಸಿಗಡಿಯ ಸಿಹಿಯನ್ನು ಮುಚ್ಚುತ್ತದೆ. ಇಟಲಿಯವರಲ್ಲಿ ಬಹಳ ಜನ ಮೀನಿಗೆ ಆ ಚೀಸ್ ಹಾಕುವುದಿಲ್ಲ.

ಹೊರತೆಗೆದು ಹತ್ತು ನಿಮಿಷ ಬಿಟ್ಟು ಬಡಿಸು, ಆಗ ಸಾಸ್ ಹಿಡಿದುಕೊಳ್ಳುತ್ತದೆ.

ಇಂತಿ,
ನಿನ್ನ ಅತ್ತೆ