ಶುಕ್ರವಾರದ ಸಂತೆಗೆ ಚೀಲದ ಜೊತೆ ಬಕೆಟ್ ಕೂಡ ತನ್ನಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ತಾರಸಿ ತೋಟ ಮಾಡುತ್ತಿರುವವರು ದಯವಿಟ್ಟು ಓದಿ.

ಈ ಶುಕ್ರವಾರ ಸಂತೆಗೆ ಬರುವಾಗ ಮನೆಯ ತರಕಾರಿ ಸಿಪ್ಪೆಯನ್ನು ಮುಚ್ಚಳದ ಬಕೆಟ್‌ನಲ್ಲಿ ತನ್ನಿ. ಹಿಂದಿನ ದಿನದ್ದಾದರೆ ಸಾಕು, ಕೊಳೆತದ್ದು ಬೇಡ. ಸೊಪ್ಪು ಮಾರಲು ಹಳ್ಳಿಯಿಂದ ಬರುವ ಅಕ್ಕ ಅದನ್ನು ಹಸುಗಳಿಗೆ ಒಯ್ಯುತ್ತಾರೆ. ಒಂದು ಚೂರು ಪ್ಲಾಸ್ಟಿಕ್ ಕೂಡ ಇರಬಾರದು, ಹಸುವಿನ ಜೀವಕ್ಕೇ ಅಪಾಯ.

ಅವರು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತರುತ್ತಾರೆ. ಅದಕ್ಕೆ ಕೇಳಿದಷ್ಟು ಹಣ ಕೊಡಿ, ಚೌಕಾಸಿ ಬೇಡ. ಸೆಗಣಿ ಹೊತ್ತು ಬಸ್ಸಿನಲ್ಲಿ ಬರುವುದು ಸುಮ್ನೆ ಮಾತಲ್ಲ ಅಲ್ವಾ? ಕಾಫಿ ಸಿಪ್ಪೆ ಸಿಕ್ಕವರು ಅದನ್ನು ಹಸಿಯಾಗಿ ಕುಂಡಕ್ಕೆ ಹಾಕಬೇಡಿ. ಸೆಗಣಿ ಬೆರೆಸಿ ಕೆಲವು ತಿಂಗಳು ಕೊಳೆಯಲು ಬಿಡಿ.

ಇನ್ನೊಂದು ಖುಷಿಯ ವಿಷಯ. ಮದ್ದು ಸೊಪ್ಪಿನ ಕಡ್ಡಿಗಳೂ ಬರುತ್ತಿವೆ. ನೆರಳು, ತೇವ ಇದ್ದರೆ ಕುಂಡದಲ್ಲೇ ಬೇರು ಬಿಡುತ್ತದೆ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಪಾಯಸ ಮಾಡಲು ಈ ಸೊಪ್ಪಿಗಾಗಿ ಪ್ರತಿ ವರ್ಷ ಹಳ್ಳಿಯ ನೆಂಟರನ್ನೇ ಕಾಯುತ್ತೇವೆ. ನಮ್ಮ ತಾರಸಿಯಲ್ಲೂ ನಾಲ್ಕು ಗಿಡ ಇರಲಿ.

ಕಡ್ಡಿ ಬೇಕಾದವರು ಗುರುವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.