ಭಾನುವಾರದ ಚರ್ಚೆ: ಲಿಂಕನ್ ಅವರ ವಿಮೋಚನಾ ಘೋಷಣೆ

ಸದಸ್ಯರೆಲ್ಲರಿಗೂ ನಮಸ್ಕಾರ. ಈ ಭಾನುವಾರ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ ಅವರ 1863ರ ಜನವರಿ 1ರ ವಿಮೋಚನಾ ಘೋಷಣೆಯನ್ನು ಚರ್ಚಿಸುತ್ತೇವೆ. ಒಂದೇ ಸಹಿಯಿಂದ ಅಮೆರಿಕದ ಗುಲಾಮಗಿರಿ ಮುಗಿಯಿತು ಎನ್ನುವ ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಮೂಲವನ್ನೇ ಓದಿ, ಚಿಕ್ಕದು.

ಓದುವಾಗ ಯಾವ ಯಾವ ಪ್ರದೇಶಗಳನ್ನು ಕೈಬಿಡಲಾಗಿದೆ ಎಂಬುದನ್ನು ಗಮನಿಸಿ. ಬಿಡುಗಡೆ ಸಿಕ್ಕಿದ್ದು ಒಕ್ಕೂಟದ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ವಿರುದ್ಧ ಬಂಡೆದ್ದ ಪ್ರದೇಶಗಳ ಗುಲಾಮರಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳಿಗೆ ಅದು ಅನ್ವಯಿಸಲಿಲ್ಲ. ಆಗಲೇ ಒಕ್ಕೂಟದ ಸೇನೆಯ ವಶದಲ್ಲಿದ್ದ ನ್ಯೂ ಆರ್ಲಿಯನ್ಸ್ ಕೂಡ ಹೊರಗುಳಿಯಿತು. ವಿಚಿತ್ರವೆನಿಸಿದರೂ ಇದಕ್ಕೆ ಕಾರಣವಿದೆ: ರಾಜ್ಯಗಳೊಳಗಿನ ಗುಲಾಮಗಿರಿಯನ್ನು ರದ್ದುಪಡಿಸುವ ಸಾಮಾನ್ಯ ಅಧಿಕಾರ ಅಧ್ಯಕ್ಷರಿಗೆ ಇರಲಿಲ್ಲ. ಹಾಗಾಗಿ ಸೇನೆಯ ಮಹಾದಂಡನಾಯಕರಾಗಿ, ಯುದ್ಧಕ್ರಮವೆಂದೇ ಹೆಸರಿಸಿ ಇದನ್ನು ಹೊರಡಿಸಿದರು.

ಹಾಗೆಂದು ಇದು ಬರೀ ಕಾಗದದ ಮಾತು ಎಂದು ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ. ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳುವುದಾಗಿ ಇದೇ ಘೋಷಣೆ ಸಾರಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಮಂದಿ ಸೇರಿದ್ದರು.

ದೇಶದಾದ್ಯಂತ ಗುಲಾಮಗಿರಿಯನ್ನು ನಿಷೇಧಿಸಿದ್ದು 1865ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಸಂವಿಧಾನದ 13ನೇ ತಿದ್ದುಪಡಿ. ಅದನ್ನೂ ಓದಿಕೊಂಡು ಬನ್ನಿ, ಮುಖ್ಯವಾಗಿ ಅಪರಾಧಕ್ಕೆ ಶಿಕ್ಷೆಯ ರೂಪದಲ್ಲಿ ಮಾತ್ರ ಗುಲಾಮಗಿರಿಗೆ ಅವಕಾಶ ಬಿಟ್ಟಿರುವ ಅದರ ವಿನಾಯಿತಿಯನ್ನು. ಪ್ರಶ್ನೆಗಳಿದ್ದರೆ ಶನಿವಾರ ಸಂಜೆಯೊಳಗೆ ಇಲ್ಲಿಯೇ ಹಾಕಿ.