ಓದದೆ ಬಿಟ್ಟವರಿಗೊಂದು ನಮಸ್ಕಾರ

ತುಮಕೂರಿನ ನಮ್ಮ ಹಾಸ್ಟೆಲ್ ಗೋಡೆಪತ್ರಿಕೆಗೆ ವರ್ಷ ತುಂಬಿತು. ಅದರಲ್ಲಿ ಬರೆದವರ ಹೆಸರು ಎಲ್ಲರೂ ನೋಡಿದ್ದೀರಿ. ಈ ಕೃತಜ್ಞತೆ ಬೇರೆಯವರಿಗೆ. ಮುಖ್ಯವಾಗಿ, ಮನಸ್ಸನ್ನು ಕಾಡಿದ್ದನ್ನು ಗೀಚಿಕೊಳ್ಳುವ ನಮ್ಮ ರಫ್ ನೋಟ್‌ಬುಕ್ಕುಗಳನ್ನು ಓದದೆ ಬಿಟ್ಟವರಿಗೆ.

ಮೊದಲು ವಾರ್ಡನ್ ಮೇಡಂಗೆ. ಸ್ಟಡಿ ಅವರ್‌ನಲ್ಲಿ 20 ನಿಮಿಷ ಬಿಟ್ಟುಕೊಟ್ಟರು, ಏನು ಬರೀತಿದ್ದೀರಿ ತೋರಿಸಿ ಅನ್ನಲಿಲ್ಲ. ಸಣ್ಣ ಉಪಕಾರವಲ್ಲ ಇದು. ಯಾರೋ ಓದುತ್ತಾರೆ ಅಂತ ಗೊತ್ತಾದರೆ ಸಾಕು, ಅಕ್ಷರ ದುಂಡಗಾಗುತ್ತದೆ, ಅಪ್ಪನ ಮೇಲಿನ ಸಿಟ್ಟು 'ಸಮಾಜದ' ಮೇಲಿನ ಸಿಟ್ಟಾಗಿಬಿಡುತ್ತದೆ.

ಬರೆಯುವ ಕ್ರಮ ಹೇಳಿಕೊಟ್ಟ ಆಪ್ತಸಮಾಲೋಚಕರಿಗೆ ಎರಡನೇ ನಮಸ್ಕಾರ. 1986ರಲ್ಲಿ ಪ್ರಕಟವಾದ, ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ ಇದರ ಮೂಲ: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಕಾಡುವ ಸಂಗತಿಯ ಬಗ್ಗೆ ಬರೆಯುವುದು. ನಡೆದದ್ದರ ಜೊತೆಗೆ ಆಗ ಅನಿಸಿದ್ದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಹಗುರಾಗಿರಲಿಲ್ಲ, ಇನ್ನಷ್ಟು ಕುಗ್ಗಿತ್ತು. ಇದನ್ನು ಮೊದಲೇ ಹೇಳದಿದ್ದರೆ ಎರಡನೇ ದಿನಕ್ಕೇ ಬಿಟ್ಟುಬಿಡುವವರು ಬಹಳ. ಅದಕ್ಕೇ ಮಲಗುವ ಮುಂಚೆ ಬರೆಯಬಾರದು. ಊಟಕ್ಕೆ ಮುಂಚೆ ಬರೆದು, ಆಮೇಲೆ ನಾಲ್ಕು ಜನರ ಜೊತೆ ಕೂತು ಉಣ್ಣಬೇಕು. ಕಾಗುಣಿತ ತಿದ್ದುವಂತಿಲ್ಲ. ಪಾವಗಡದ ಕಡೆಯವರು ಮನೆಮಾತು ತೆಲುಗನ್ನೇ ಕನ್ನಡ ಅಕ್ಷರದಲ್ಲಿ ಗೀಚಿದರೂ ಆಯಿತು. ಮಾತು ನಿಂತರೆ ಹಿಂದಿನ ಸಾಲನ್ನೇ ಮತ್ತೆ ಬರೆಯಿರಿ. ಸಂಕಟ ತಡೆಯಲಾಗದಿದ್ದರೆ ಬೇರೆ ವಿಷಯಕ್ಕೆ ಹೊರಳಿ, ಇಲ್ಲವೇ ಪೆನ್ನು ಕೆಳಗಿಡಿ. ಮನೆಯಲ್ಲಿ ಸಾವಾದ ಹೊಸದರಲ್ಲಿ ಈ ಅಭ್ಯಾಸವೇ ಬೇಡ.

ನಾಲ್ಕೂ ದಿನ ಅದೇ ದೂರು, ಅದೇ ವಾಕ್ಯ ಬಂದರೆ ಅದು ಗಾಣದೆತ್ತಿನ ನಡಿಗೆ. 'ಯಾಕೆಂದರೆ', 'ಈಗ ಅರ್ಥವಾಗ್ತಿದೆ' ಎಂಬಂಥ ಮಾತು ದಿನದಿಂದ ದಿನಕ್ಕೆ ಹೆಚ್ಚುತ್ತಿವೆಯೇ ನೋಡಿ. ಹೆಚ್ಚದಿದ್ದರೆ 'ನಾನು' ಬಿಟ್ಟು 'ಅವಳು' ಎಂದು ಕಥೆಯಾಗಿ ಬರೆಯಿರಿ. ಕಥೆ ಅಂದಮೇಲೆ ಎದುರಾಳಿಗೂ ಒಂದು ಕಾರಣ ಕೊಡಲೇಬೇಕಾಗುತ್ತದೆ.

ಕನ್ನಡದ ಮೇಷ್ಟ್ರು ಎರಡು ನೋಟ್‌ಬುಕ್ ಇಡಿಸಿದರು. ರಫ್‌ನಲ್ಲಿ ಬರೆದು ಎರಡು ವಾರವಾದ ಮೇಲೆ, ಬರೆದವರೇ ಆರಿಸಿ ಎರಡನೆಯದಕ್ಕೆ ನಕಲು ಮಾಡಿದ್ದು ಮಾತ್ರ ಅವರ ಕೆಂಪು ಪೆನ್ನಿಗೆ, ಆಮೇಲೆ ಗೋಡೆಗೆ. ಅದೇ ರಾತ್ರಿ ಸ್ಟೇಟಸ್ ಹಾಕಿದರೆ ಎಷ್ಟು ಜನ ನೋಡಿದರು ಅನ್ನೋದೇ ಹೊಸ ಚಿಂತೆ. ನೋವುಂಡವರೇ ಒಳ್ಳೆಯ ಕವಿಗಳು ಅನ್ನುವವರಿಗೆ ಒಂದು ಮಾತು: ಖಿನ್ನತೆ ಜೋರಾದಾಗ ನಿದ್ದೆ, ಏಕಾಗ್ರತೆ ಎರಡೂ ಹೋಗುತ್ತವೆ, ಪದ್ಯ ಹಾಗಿರಲಿ, ರಜಾ ಅರ್ಜಿ ಬರೆಯೋಕೂ ಕೈ ಏಳಲ್ಲ.

ಎರಡು ವಾರವಾದರೂ ನಿದ್ದೆ, ಊಟ, ಓದು ಸರಿಹೋಗದಿದ್ದರೆ ಬರವಣಿಗೆ ಸಾಲದು, ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಆ ಕ್ಷಣವೇ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಪ್ರತಿ ನೋಟ್‌ಬುಕ್ಕಿನ ಒಳರಟ್ಟಿಗೆ ಅಂಟಿಸಿದ ಜೂನಿಯರ್‌ಗಳಿಗೂ, ಎ3 ಹಾಳೆಗೆ ಎ4ರ ರೇಟೇ ಹಾಕಿದ ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯವರಿಗೂ ನಮಸ್ಕಾರ.